ಅಡ್ವೆಂಚರ್ ಬೈಕಿಗೆ ಯಾವ ಜಿಪಿಎಸ್? ಪದೇ ಪದೇ ಕೇಳುವ ಪ್ರಶ್ನೆಗಳು

ನನ್ನ ಬೈಕಿನ ಹ್ಯಾಂಡಲ್ ಮೇಲಿರುವ ಜಿಪಿಎಸ್ ಡಿವೈಸ್ ನೋಡಿದವರು ಮೊದಲು ಕೇಳುವುದು “ಇದು ಯಾವ ಕಂಪನಿದು?” ಅಂತ. ನಾನು ಅವರಿಗೆ ಅದರ ಹಿಂದಿರುವ ಮೌಂಟ್ ತೋರಿಸುತ್ತೇನೆ, ಆಮೇಲೆ ವೈರ್ ತೋರಿಸುತ್ತೇನೆ. ಡಾಂಬರು ಮುಗಿದ ಮೇಲೆ ನನ್ನ ದಾರಿ ತಪ್ಪಿಸಿದ್ದು ಉಪಗ್ರಹಗಳಲ್ಲ. ಸಡಿಲವಾದ ಕೇಬಲ್, ಕಾದು ಆಫ್ ಆದ ಫೋನ್, ಡೌನ್‌ಲೋಡ್ ಮಾಡದೆ ಬಿಟ್ಟ ಮ್ಯಾಪ್ ಇವೇ ದಾರಿ ತಪ್ಪಿಸಿದವು. ಪತ್ರಗಳಲ್ಲಿ, ಫೋನಿನಲ್ಲಿ, ಸವಾರಿಯ ನಡುವೆ ಬೈಕ್ ನಿಲ್ಲಿಸಿದಾಗ ಮತ್ತೆ ಮತ್ತೆ ಎದುರಾದ ಪ್ರಶ್ನೆಗಳನ್ನು ಇಲ್ಲಿ ಸೇರಿಸಿದ್ದೇನೆ. ನೀವು ಹೋಗುವ ಜಾಗದಲ್ಲಿ ಯಾವುದು ಮೊದಲು ಕೈಕೊಡುತ್ತದೆ ಎಂದು ಯೋಚಿಸಿ, ಆಯ್ಕೆಯನ್ನು ಅಲ್ಲಿಂದ ಶುರುಮಾಡಿ.

## ಮೊದಲು ಫೋನಿನ ಮಾತು

ಫೋನಲ್ಲೇ ಮ್ಯಾಪ್ ಇದೆಯಲ್ಲ, ಇನ್ನೊಂದು ಡಿವೈಸ್‌ಗೆ ಯಾಕೆ ದುಡ್ಡು ಹಾಕಬೇಕು?

ಹೆದ್ದಾರಿಯಲ್ಲಿ ಹೋಗಿ, ರಾತ್ರಿ ಊರಿನಲ್ಲಿ ಉಳಿದು, ಮರುದಿನ ವಾಪಸ್ ಬರುವವರಿಗೆ ಬೇಡ. ಫೋನ್ ಸಾಕು, ಆ ಹಣ ಒಳ್ಳೆಯ ಟಯರಿಗೆ ಹಾಕಿ.

ಇಡೀ ದಿನ ಬಿಸಿಲು, ಮಳೆ, ದೂಳು, ಕಲ್ಲುದಾರಿಯ ಕುಲುಕಾಟ ಇವೆಲ್ಲ ಒಟ್ಟಿಗೆ ಸೇರಿದಾಗ ಲೆಕ್ಕ ಬದಲಾಗುತ್ತದೆ. ಐಫೋನನ್ನು 0ರಿಂದ 35 ಡಿಗ್ರಿ ಸೆಲ್ಸಿಯಸ್ ವಾತಾವರಣದಲ್ಲಿ ಬಳಸಿ ಎಂದು ಆಪಲ್ ಕಂಪನಿಯೇ ಹೇಳುತ್ತದೆ. ನಡುಮಧ್ಯಾಹ್ನದ ಬಿಸಿಲು, ಪೂರ್ತಿ ಬ್ರೈಟ್‌ನೆಸ್, ಜೊತೆಗೆ ಚಾರ್ಜಿಂಗ್. ಇಷ್ಟಾದರೆ ಆ ಮಿತಿ ದಾಟುವುದು ಕಷ್ಟವೇನಲ್ಲ. ಫೋನ್ ಮೊದಲು ತಾನಾಗೇ ಮಂಕಾಗುತ್ತದೆ, ಆಮೇಲೆ ಚಾರ್ಜಿಂಗ್ ನಿಲ್ಲಿಸುತ್ತದೆ, ಕೊನೆಗೆ ತಣ್ಣಗಾಗುವವರೆಗೆ ಸ್ಕ್ರೀನನ್ನೇ ಮುಚ್ಚುತ್ತದೆ. ವೈರ್‌ಲೆಸ್ ಚಾರ್ಜಿಂಗ್ ಮೌಂಟ್ ಆದರೆ ಬಿಸಿ ಇನ್ನೂ ಬೇಗ ಏರುತ್ತದೆ.

ನನ್ನ ಮಟ್ಟಿಗೆ ಇದಕ್ಕಿಂತ ದೊಡ್ಡ ಕಾರಣ ಇನ್ನೊಂದಿದೆ. ಬಿದ್ದಾಗ ಸಹಾಯಕ್ಕೆ ಕರೆಯಬೇಕಾದ್ದು ಅದೇ ಫೋನಿನಿಂದ. ಬೈಕ್ ಬಿದ್ದಾಗ ನೆಲಕ್ಕೆ ಅಪ್ಪಳಿಸುವ ಹ್ಯಾಂಡಲ್ ಮೇಲೆ ಅದು ಇರಬಾರದು, ನಿಮ್ಮ ಜಾಕೆಟ್ ಒಳಗಿರಬೇಕು.

ನೆಟ್‌ವರ್ಕ್ ಇಲ್ಲದ ಕಡೆ ಜಿಪಿಎಸ್ ನಡೆಯುತ್ತಾ?

ನಡೆಯುತ್ತದೆ. ಜಿಪಿಎಸ್ ಉಪಗ್ರಹಗಳು ಸುಮಾರು 20,200 ಕಿ.ಮೀ. ಎತ್ತರದಲ್ಲಿ ಸುತ್ತುತ್ತ ರೇಡಿಯೊದಂತೆ ಸಮಯವನ್ನು ಸಾರುತ್ತಿರುತ್ತವೆ. ನಿಮ್ಮ ಡಿವೈಸ್ ಸುಮ್ಮನೆ ಕೇಳಿಸಿಕೊಳ್ಳುತ್ತದೆ. ಕನಿಷ್ಠ ನಾಲ್ಕು ಉಪಗ್ರಹ ಸಿಕ್ಕರೆ ನೀವಿರುವ ಜಾಗ ಗೊತ್ತಾಗುತ್ತದೆ. ಇದಕ್ಕೆ ಸಿಮ್ ಬೇಕಿಲ್ಲ, ಡೇಟಾ ಬೇಕಿಲ್ಲ.

ನೆಟ್‌ವರ್ಕ್ ಬೇಕಾಗುವುದು ಮ್ಯಾಪಿನ ಚಿತ್ರಕ್ಕೆ. ಅದು ಮೊದಲೇ ಡೌನ್‌ಲೋಡ್ ಆಗಿರದಿದ್ದರೆ ಖಾಲಿ ಬೂದು ಹಾಳೆಯ ಮೇಲೆ ನೀಲಿ ಚುಕ್ಕೆ ಮಾತ್ರ ಕಾಣುತ್ತದೆ. ಇನ್ನೊಂದು ವಿಷಯ: ಫೋನು ಉಪಗ್ರಹಗಳ ಸದ್ಯದ ಪಥದ ಮಾಹಿತಿಯನ್ನು ಇಂಟರ್‌ನೆಟ್‌ನಿಂದ ಪಡೆದು ಬೇಗ ಜಾಗ ಹಿಡಿಯುತ್ತದೆ. ನೆಟ್ ಇಲ್ಲದಾಗ ಅದನ್ನು ಉಪಗ್ರಹದಿಂದಲೇ ಇಳಿಸಿಕೊಳ್ಳಬೇಕು, ಅದಕ್ಕೆ ಅರ್ಧ ನಿಮಿಷವೋ ಇನ್ನೂ ಹೆಚ್ಚೋ ಹಿಡಿಯುತ್ತದೆ. ಬೆಳಿಗ್ಗೆ ಹೊರಡುವಾಗ ಬಯಲಿನಲ್ಲಿ ನಿಂತು ಆನ್ ಮಾಡಿ, ಹೆಲ್ಮೆಟ್ ಹಾಕಿಕೊಳ್ಳುವಷ್ಟರಲ್ಲಿ ಸಿಕ್ಕಿರುತ್ತದೆ.

ಮನೆಯಲ್ಲೇ ಪರೀಕ್ಷೆ ಮಾಡಿ. ಫೋನನ್ನು ಏರೋಪ್ಲೇನ್ ಮೋಡ್‌ಗೆ ಹಾಕಿ, ಆ್ಯಪ್ ತೆರೆದು, ನಾಳೆಯ ದಾರಿಯ ಮೇಲೆ ಕೊನೆಯವರೆಗೂ ಬೆರಳಾಡಿಸಿ. ಎಲ್ಲಿ ಚಿತ್ರ ಮಸುಕಾಗುತ್ತದೋ ನಾಳೆ ನೀವು ಸಿಕ್ಕಿಹಾಕಿಕೊಳ್ಳುವುದು ಅಲ್ಲೇ.

ಬೈಕ್‌ಗೆ ಕಟ್ಟಿದ್ರೆ ಫೋನ್ ಕ್ಯಾಮೆರಾ ಹಾಳಾಗುತ್ತಂತೆ, ನಿಜಾನಾ?

ನಿಜ. 2021ರ ಸೆಪ್ಟೆಂಬರಿನಲ್ಲಿ ಆಪಲ್ ಈ ಬಗ್ಗೆ ಎಚ್ಚರಿಕೆ ಪ್ರಕಟಿಸಿತು. ಕೈ ನಡುಗಿದರೂ ಚಿತ್ರ ಅಲುಗದಂತೆ ನೋಡಿಕೊಳ್ಳಲು ಕ್ಯಾಮೆರಾದೊಳಗೆ ಪುಟ್ಟ ಚಲಿಸುವ ಭಾಗಗಳಿರುತ್ತವೆ. ದೊಡ್ಡ ಎಂಜಿನ್ನಿನ ಕಂಪನ ಹ್ಯಾಂಡಲ್ ಮೂಲಕ ದಿನವಿಡೀ ಅವುಗಳಿಗೆ ತಾಗಿದರೆ ಕೆಡುತ್ತವೆ. ಬೇರೆ ಕಂಪನಿಗಳ ಫೋನಿನಲ್ಲೂ ಇಂಥ ಕ್ಯಾಮೆರಾ ಇದ್ದರೆ ಅಪಾಯ ಇದ್ದೇ ಇದೆ. ರಬ್ಬರಿನ ವೈಬ್ರೇಶನ್ ಡ್ಯಾಂಪರ್ ಹಾಕಿದರೆ ಕಡಿಮೆಯಾಗುತ್ತದೆ, ಪೂರ್ತಿ ಹೋಗುವುದಿಲ್ಲ.

ಮನೇಲಿ ಹಳೇ ಫೋನ್ ಬಿದ್ದಿದೆ, ಅದನ್ನೇ ಹಾಕಿದ್ರೆ?

ಶುರುಮಾಡುವವರಿಗೆ ನಾನು ಕೊಡುವ ಮೊದಲ ಸಲಹೆ ಇದೇ. ಅದರಿಂದ ಬೇಡದ್ದನ್ನೆಲ್ಲ ಅಳಿಸಿ, ಒಸ್ಮ್ಯಾಂಡ್ ಅಥವಾ ಆರ್ಗ್ಯಾನಿಕ್ ಮ್ಯಾಪ್ಸ್‌ನಂಥ ಆಫ್‌ಲೈನ್ ಆ್ಯಪ್ ಹಾಕಿ, ಮ್ಯಾಪಿಗೆ ಮಾತ್ರ ಮೀಸಲಿಡಿ. ಎರಡು ಎಚ್ಚರಿಕೆ ಬೇಕು. ಬ್ಯಾಟರಿ ಉಬ್ಬಿ ಹಿಂಬದಿ ಮುಚ್ಚಳ ಸ್ವಲ್ಪವಾದರೂ ಎದ್ದಿದ್ದರೆ ಆ ಫೋನನ್ನು ಬಿಸಿಲಿಗೆ ಒಡ್ಡಲೇಬೇಡಿ. ಹೊಸದರಲ್ಲಿ ನೀರು ತಡೆಯುತ್ತಿದ್ದ ಅಂಟು ವರ್ಷಗಳಲ್ಲಿ ಒಣಗಿರುತ್ತದೆ, ಆದ್ದರಿಂದ ಮಳೆಗೆ ಹೊದಿಕೆ ಇರಲಿ.

## ಸ್ಕ್ರೀನ್, ಬಿಸಿಲು, ನೀರು

ಎಷ್ಟು ಇಂಚಿನ ಸ್ಕ್ರೀನ್ ತಗೋಬೇಕು?

ಗಂಟೆಗೆ 60 ಕಿ.ಮೀ. ವೇಗದಲ್ಲಿ ಎರಡು ಸೆಕೆಂಡ್ ಕಣ್ಣು ಕೆಳಗಿಟ್ಟರೆ ನೀವು 33 ಮೀಟರ್ ದಾರಿ ನೋಡದೆ ಹೋಗಿರುತ್ತೀರಿ. ಒಂದೇ ನೋಟಕ್ಕೆ ಬಾಣವೂ ದೂರವೂ ತಿಳಿಯಬೇಕು. ನನ್ನ ಅನುಭವದಲ್ಲಿ 5ರಿಂದ 6 ಇಂಚು ಹೆಚ್ಚಿನವರಿಗೆ ಸರಿ. 8 ಇಂಚಿನ ಟ್ಯಾಬ್ಲೆಟ್ ಇಡೀ ಕಣಿವೆಯನ್ನು ತೋರಿಸುತ್ತದೆ, ನಿಜ, ಆದರೆ ಅದರ ಭಾರ ಮೌಂಟನ್ನು ಎಳೆಯುತ್ತದೆ, ಬಿದ್ದಾಗ ಮೊದಲು ನೆಲಕ್ಕೆ ತಾಗುವುದೂ ಅದೇ.

ಬಿಸಿಲಲ್ಲಿ ಏನೂ ಕಾಣಲ್ಲ. ನಿಟ್ಸ್ ನೋಡಿ ತಗೊಂಡ್ರೆ ಸಾಕಾ?

ನಿಟ್ಸ್ ಅಂದರೆ ಸ್ಕ್ರೀನಿನ ಬೆಳಕಿನ ಅಳತೆ. 1000 ನಿಟ್ಸ್ ಆಸುಪಾಸಿನಲ್ಲಿದ್ದರೆ ಬಿಸಿಲಲ್ಲಿ ಓದಬಹುದು. ಆ ಬೆಳಕನ್ನು ಎಷ್ಟು ಹೊತ್ತು ಉಳಿಸಿಕೊಳ್ಳುತ್ತದೆ ಎನ್ನುವುದೇ ಮುಖ್ಯ. ಪೆಟ್ಟಿಗೆಯ ಮೇಲೆ ಅದಕ್ಕಿಂತ ದೊಡ್ಡ ಅಂಕಿ ಬರೆದಿರುವ ಫೋನ್ ಕಾದಮೇಲೆ ಅರ್ಧಕ್ಕಿಳಿದರೆ ಏನು ಪ್ರಯೋಜನ? ಕೈಯಲ್ಲಿ ಹಿಡಿಯುವ ಕೆಲವು ಜಿಪಿಎಸ್‌ಗಳಲ್ಲಿ ಟ್ರಾನ್ಸ್‌ಫ್ಲೆಕ್ಟಿವ್ ಸ್ಕ್ರೀನ್ ಇರುತ್ತದೆ. ಅದು ಬಿಸಿಲನ್ನೇ ಪ್ರತಿಫಲಿಸಿ ಚಿತ್ರ ತೋರಿಸುತ್ತದೆ, ಹಾಗಾಗಿ ಬಿಸಿಲು ಏರಿದಷ್ಟೂ ಚೆನ್ನಾಗಿ ಕಾಣುತ್ತದೆ. ಬಣ್ಣ ಸಪ್ಪೆ, ಆದರೆ ಬ್ಯಾಟರಿ ಬಹಳ ಹೊತ್ತು ಬರುತ್ತದೆ.

ಕೊಳ್ಳುವ ಮುನ್ನ ನಿಮ್ಮ ಪೋಲರೈಸ್ಡ್ ಕನ್ನಡಕ ಹಾಕಿಕೊಂಡು ಡಿವೈಸನ್ನು ಅಡ್ಡಕ್ಕೂ ಉದ್ದಕ್ಕೂ ತಿರುಗಿಸಿ ನೋಡಿ. ಒಂದು ಕೋನದಲ್ಲಿ ಸ್ಕ್ರೀನ್ ಪೂರ್ತಿ ಕಪ್ಪಾಗಬಹುದು. ನೀವು ಕೂರಿಸಬೇಕೆಂದಿರುವ ಕೋನ ಅದೇ ಆದರೆ ಆ ಡಿವೈಸ್ ಬೇಡ.

ಐಪಿ67 ಅಂದ್ರೆ ಮಳೆಗೆ ಏನೂ ಆಗಲ್ಲ ತಾನೆ?

6 ಅಂದರೆ ದೂಳು ಒಳಹೋಗುವುದಿಲ್ಲ. 7 ಅಂದರೆ ಒಂದು ಮೀಟರ್ ಆಳದ ನೀರಿನಲ್ಲಿ ಅರ್ಧ ಗಂಟೆ ಮುಳುಗಿಸಿಟ್ಟರೂ ಕೆಡುವುದಿಲ್ಲ. ಇದು ನಿಂತ ನೀರಿನ ಪರೀಕ್ಷೆ. ಪ್ರೆಷರ್ ವಾಷರ್‌ನ ನೀರಿನ ರಭಸಕ್ಕೆ ಇದು ಅನ್ವಯಿಸುವುದಿಲ್ಲ, ಬೈಕ್ ತೊಳೆಸುವಾಗ ಡಿವೈಸ್ ಬಿಚ್ಚಿಡಿ. ಐಪಿಎಕ್ಸ್7 ಎಂದಿದ್ದರೆ ದೂಳಿನ ಅಂಕಿ ಕೊಟ್ಟಿಲ್ಲ ಎಂದರ್ಥ.

ಅಂಕಿಯಲ್ಲಿ ಕಾಣದ ತೊಂದರೆ ಚಾರ್ಜಿಂಗ್ ಪೋರ್ಟಿನದು. ಎರಡು ದಿನ ಮಳೆಯಲ್ಲಿ ಓಡಿಸಿದ ಮೇಲೆ ಒಂದು ಸಂಜೆ ಕೇಬಲ್ ಎಳೆದು ಟಾರ್ಚ್ ಬಿಟ್ಟು ನೋಡಿದೆ. ಫೋನಿನ ಪೋರ್ಟ್ ಒಳಗಿನ ಸಣ್ಣ ನಾಲಿಗೆಯ ಒಂದು ತುದಿಯಲ್ಲಿ ಹೊಳಪು ಹೋಗಿ, ಪಿನ್ನುಗಳ ಬುಡದಲ್ಲಿ ಪಾಚಿಯಂಥ ಹಸಿರು ಕಟ್ಟಿತ್ತು. ಫೋನ್ ಒಳಗೆ ಹನಿ ನೀರೂ ಹೋಗಿರಲಿಲ್ಲ, ಆದರೂ ಅದು ಮತ್ತೆ ಚಾರ್ಜ್ ಆಗಲಿಲ್ಲ. ಒದ್ದೆಯಲ್ಲಿ ವಿದ್ಯುತ್ ಹರಿದರೆ ಲೋಹ ಹೀಗೆ ತಿನ್ನಿಸಿಕೊಳ್ಳುತ್ತದೆ. ಬೈಕಿಗೆಂದೇ ಮಾಡಿದ ಡಿವೈಸ್‌ಗಳು ಮೌಂಟ್‌ನಲ್ಲೇ ದಪ್ಪ ಪಿನ್ನುಗಳಿಂದ ಕರೆಂಟ್ ಪಡೆಯುತ್ತವೆ. ಅವುಗಳಿಗೆ ಕೊಡುವ ಹೆಚ್ಚಿನ ಹಣದಲ್ಲಿ ದೊಡ್ಡ ಪಾಲು ಇದಕ್ಕೇ ಸಲ್ಲಬೇಕು ಎನ್ನುತ್ತೇನೆ ನಾನು.

ಮಳೇಲಿ ಮ್ಯಾಪ್ ತಾನಾಗೇ ಕುಣಿಯುತ್ತೆ, ಗ್ಲೌಸ್ ಹಾಕಿದ್ರೆ ಒತ್ತೋಕೇ ಆಗಲ್ಲ. ಏನ್ ಮಾಡ್ಲಿ?

ಫೋನಿನ ಸ್ಕ್ರೀನ್ ಬೆರಳಿನ ವಿದ್ಯುತ್ ಸ್ಪರ್ಶವನ್ನು ಗುರುತಿಸುತ್ತದೆ. ಮಳೆಹನಿಯೂ ಅದಕ್ಕೆ ಬೆರಳಿನಂತೆಯೇ ಕಾಣುತ್ತದೆ. ಹನಿ ಜಾರಿದಂತೆ ಮ್ಯಾಪೂ ಜಾರಿ, ನೀವು ಎಲ್ಲೋ ಸಮುದ್ರ ನೋಡುತ್ತಿರುತ್ತೀರಿ. ಸ್ಕ್ರೀನ್ ಲಾಕ್ ಮಾಡುವ ಸೌಲಭ್ಯ ಇರುವ ಆ್ಯಪ್ ಬಳಸಿ. ಎಡ ಹಿಡಿಯ ಪಕ್ಕ ಕೂರಿಸುವ ಬ್ಲೂಟೂತ್ ಬಟನ್ ರಿಮೋಟ್ ಸಿಗುತ್ತದೆ, ಹೆಬ್ಬೆರಳಲ್ಲೇ ಜೂಮ್ ಮಾಡಬಹುದು. ದಪ್ಪ ಗ್ಲೌಸ್ ಹಾಕುವವರಿಗೆ ಅಂಗಡಿಯಲ್ಲಿ ಅದೇ ಗ್ಲೌಸ್ ಹಾಕಿಕೊಂಡು ಒತ್ತಿ ನೋಡುವುದು ಬಿಟ್ಟರೆ ಬೇರೆ ದಾರಿ ಇಲ್ಲ.

## ಮೌಂಟ್ ಮತ್ತು ಕರೆಂಟ್

ಮೌಂಟ್ ಎಲ್ಲಿ ಕೂರಿಸಬೇಕು? ಹ್ಯಾಂಡಲ್ ನಡುವೆನೋ ಮೀಟರ್ ಮೇಲೋ?

ಜಾಗ ಇದ್ದರೆ ಮೀಟರ್ ಮೇಲೆ. ಅಲ್ಲಿ ಕಣ್ಣು ರಸ್ತೆಯಿಂದ ಸ್ವಲ್ಪವೇ ಕೆಳಗಿಳಿದರೆ ಸಾಕು. ಹ್ಯಾಂಡಲ್ ನಡುವೆ ಇಟ್ಟರೆ ತಲೆಯನ್ನೇ ಬಗ್ಗಿಸಬೇಕು. ಫುಟ್‌ಪೆಗ್ ಮೇಲೆ ಎದ್ದು ನಿಂತು ಓಡಿಸುವಾಗ ಬೈಕ್ ತಟ್ಟನೆ ನಿಂತರೆ ನಿಮ್ಮ ಎದೆ ಹೋಗಿ ಬೀಳುವುದೂ ಅದರ ಮೇಲೆಯೇ.

ಮೌಂಟಿನ ತಳಕ್ಕೆ ಆ್ಯಂಪ್ಸ್ (ಕರೆಂಟಿನ ಆಂಪ್ ಅಲ್ಲ) ಎಂಬ ಅಳತೆ ಇದೆ: 30 ಮತ್ತು 38 ಮಿ.ಮೀ. ಅಂತರದ ನಾಲ್ಕು ತೂತು. ಡಿವೈಸೂ ಬ್ರಾಕೆಟ್ಟೂ ಇದೇ ಅಳತೆಯವಾದರೆ ನಾಳೆ ಡಿವೈಸ್ ಬದಲಾಯಿಸಿದರೂ ಬ್ರಾಕೆಟ್ ಬದಲಾಯಿಸಬೇಕಿಲ್ಲ. ಏನೇ ಹಾಕಿ, ಒಂದು ಗಟ್ಟಿ ದಾರದಿಂದ ಡಿವೈಸನ್ನು ಬೈಕಿಗೆ ಕಟ್ಟಿ. ಮೌಂಟ್ ಬಿಟ್ಟರೂ ದಾರ ಹಿಡಿದುಕೊಳ್ಳುತ್ತದೆ.

ಬ್ಯಾಟರಿಯಿಂದ ನೇರ ವೈರ್ ಎಳೆದ್ರೆ ಸಾಕಲ್ವಾ?

ಕೆಲಸ ನಡೆಯುತ್ತದೆ, ಆದರೆ ಅದರ ತೊಂದರೆ ತಿಳಿದಿರಲಿ. 12 ವೋಲ್ಟನ್ನು 5 ವೋಲ್ಟಿಗೆ ಇಳಿಸುವ ಯುಎಸ್‌ಬಿ ಕನ್ವರ್ಟರ್, ಏನೂ ಸಿಕ್ಕಿಸದಿದ್ದರೂ, ಚೂರು ಕರೆಂಟ್ ಕುಡಿಯುತ್ತಲೇ ಇರುತ್ತದೆ. ವಾರಗಟ್ಟಲೆ ನಿಲ್ಲಿಸಿದ ಬೈಕಿನ ಸಣ್ಣ ಬ್ಯಾಟರಿಗೆ ಅದೇ ಸಾಕು, ಸ್ಟಾರ್ಟ್ ಆಗುವುದಿಲ್ಲ.

ಒಳ್ಳೆಯ ಜೋಡಣೆ ಹೀಗಿರುತ್ತದೆ. ಮುಖ್ಯ ಕರೆಂಟ್ ಬ್ಯಾಟರಿಯಿಂದಲೇ ಬರಲಿ, ನಡುವೆ ಒಂದು ರಿಲೇ, ಅಂದರೆ ಇನ್ನೊಂದು ವೈರಿನ ಕರೆಂಟಿನಿಂದ ಆನ್ ಆಗುವ ಸ್ವಿಚ್, ಇರಲಿ. ಕೀ ಆನ್ ಮಾಡಿದಾಗ ಮಾತ್ರ ಜೀವ ಬರುವ ವೈರ್, ಉದಾಹರಣೆಗೆ ಪಾರ್ಕಿಂಗ್ ಲೈಟಿನದು, ಆ ರಿಲೇಯನ್ನು ಆನ್ ಮಾಡಲಿ. ಫ್ಯೂಸ್ ಬ್ಯಾಟರಿಯ ಪಾಸಿಟಿವ್‌ಗೆ ಆದಷ್ಟು ಹತ್ತಿರ ಇರಬೇಕು. ದೂರ ಇಟ್ಟರೆ ಬ್ಯಾಟರಿಗೂ ಫ್ಯೂಸಿಗೂ ನಡುವಿನ ವೈರ್ ಉಜ್ಜಿ ಶಾರ್ಟ್ ಆದಾಗ ಅದನ್ನು ತಡೆಯುವವರಿಲ್ಲ. 5 ವೋಲ್ಟ್, 2 ಆಂಪ್ ಅಂದರೆ 10 ವ್ಯಾಟ್. ಬ್ಯಾಟರಿ ಕಡೆ ಅದು ಹೆಚ್ಚುಕಡಿಮೆ ಒಂದು ಆಂಪ್ ಆಗುತ್ತದೆ, ಇದಕ್ಕೆ ದೊಡ್ಡ ಫ್ಯೂಸ್ ಬೇಡ. ಕ್ಯಾನ್ ಬಸ್ (ಬೈಕಿನ ಎಲೆಕ್ಟ್ರಾನಿಕ್ ಭಾಗಗಳು ಒಂದಕ್ಕೊಂದು ಮಾಹಿತಿ ಕಳಿಸುವ ಜಾಲ) ಇರುವ ಹೊಸ ಬೈಕುಗಳಲ್ಲಿ ಸಿಕ್ಕ ವೈರಿಗೆ ಕೈಹಾಕಬೇಡಿ, ಎಚ್ಚರಿಕೆ ದೀಪ ಹತ್ತಿಕೊಳ್ಳಬಹುದು. ಅಂಥ ಹಲವು ಬೈಕುಗಳಲ್ಲಿ ಇಂಥ ಸಾಮಾನಿಗೆಂದೇ ಒಂದು ಕನೆಕ್ಟರ್ ಕೊಟ್ಟಿರುತ್ತಾರೆ, ಮ್ಯಾನ್ಯುಯಲ್ ತೆರೆದು ಹುಡುಕಿ.

ವೈರ್ ಕಟ್ಟಿದ ಮೇಲೆ ಹ್ಯಾಂಡಲನ್ನು ಎಡಕ್ಕೂ ಬಲಕ್ಕೂ ಪೂರ್ತಿ ತಿರುಗಿಸಿ. ಸ್ಟೀರಿಂಗ್ ಕುತ್ತಿಗೆಯ ಹತ್ತಿರ ಎಳೆತ ಕಂಡರೆ ಬಿಚ್ಚಿ, ಇನ್ನೂ ನಾಲ್ಕು ಬೆರಳು ಸಡಿಲ ಬಿಟ್ಟು ಕಟ್ಟಿ.

## ಮ್ಯಾಪ್ ಮತ್ತು ದಾರಿ

ವೇಪಾಯಿಂಟ್, ರೂಟ್, ಟ್ರ್ಯಾಕ್ ಅಂತಾರಲ್ಲ, ಮೂರೂ ಒಂದೇ ಅಲ್ವಾ?

ಅಲ್ಲ. ಡಿವೈಸ್ ಆರಿಸುವ ಮುನ್ನ ಕಲಿಯಲೇಬೇಕಾದ ಒಂದು ಪಾಠ ಯಾವುದು ಎಂದು ಕೇಳಿದರೆ ಇದನ್ನೇ ಹೇಳುತ್ತೇನೆ. ಮೂರೂ ಜಿಪಿಎಕ್ಸ್ ಎಂಬ ಒಂದೇ ಬಗೆಯ ಫೈಲಿನಲ್ಲಿ ಬರುವುದರಿಂದ ಗೊಂದಲ.

ವೇಪಾಯಿಂಟ್ ಒಂದು ಚುಕ್ಕೆ: ಪೆಟ್ರೋಲ್ ಬಂಕ್, ಹೊಳೆ ದಾಟುವ ಜಾಗ. ರೂಟ್ ಅಂದರೆ ಕೆಲವು ಚುಕ್ಕೆಗಳ ಸಾಲು, ಅವುಗಳ ನಡುವಿನ ರಸ್ತೆಯನ್ನು ಡಿವೈಸ್ ತಾನೇ ಲೆಕ್ಕಹಾಕುತ್ತದೆ. ಟ್ರ್ಯಾಕ್ ಅಂದರೆ ಯಾರೋ ನಡೆದ ಹೆಜ್ಜೆಯ ಗುರುತು, ಸಾವಿರಾರು ಚುಕ್ಕೆಗಳ ಗೆರೆ. ಅದರಲ್ಲಿ ಲೆಕ್ಕಾಚಾರ ಇಲ್ಲ, ಹಾಗಾಗಿ ಬದಲಾಗುವುದೂ ಇಲ್ಲ.

ಒಮ್ಮೆ ನಾನು ಕಾಡಂಚಿನ ಮಣ್ಣುದಾರಿಗೆ ರೂಟ್ ಹಾಕಿಕೊಂಡು ಹೊರಟಿದ್ದೆ. ಒಂದು ತಿರುವು ತಪ್ಪಿಸಿಕೊಂಡೆ, ಡಿವೈಸ್ ಸದ್ದಿಲ್ಲದೆ ಬೇರೆ ದಾರಿ ಲೆಕ್ಕ ಹಾಕಿ ಡಾಂಬರು ರಸ್ತೆಗೆ ಸೇರಿಸಿತು. ಎಡಗೆನ್ನೆಗೆ ಬೀಳಬೇಕಿದ್ದ ಸಂಜೆ ಬಿಸಿಲು ಬೆನ್ನಿಗೆ ಬೀಳುತ್ತಿದೆ ಎಂದು ಹೊಳೆಯುವಷ್ಟರಲ್ಲಿ ಮುಕ್ಕಾಲು ಗಂಟೆ ಕಳೆದಿತ್ತು. ಅಂದಿನಿಂದ ಕಚ್ಚಾ ದಾರಿಗೆ ಟ್ರ್ಯಾಕ್ ಮಾತ್ರ ಬಳಸುತ್ತೇನೆ. ಟ್ರ್ಯಾಕನ್ನು ಇದ್ದ ಹಾಗೆಯೇ ದಪ್ಪ ಬಣ್ಣದಲ್ಲಿ ತೋರಿಸಲು ಬಾರದ, ಒಳಗೆ ಹಾಕಿದ ಕೂಡಲೇ ಅದನ್ನು ರೂಟ್ ಮಾಡಿಬಿಡುವ ಡಿವೈಸ್ ಅಡ್ವೆಂಚರ್ ಬೈಕಿಗೆ ಲಾಯಕ್ಕಲ್ಲ.

ಗೆಳೆಯನ ಡಿವೈಸಲ್ಲಿ ಸರಿ ಇರೋ ರೂಟ್ ನನ್ನದರಲ್ಲಿ ಬೇರೆ ಕಡೆ ಹೋಗ್ತಿದೆ, ಯಾಕೆ?

ಇಬ್ಬರ ಮ್ಯಾಪ್ ಬೇರೆ ಇರಬಹುದು, ಅಥವಾ ನಿಮ್ಮದರಲ್ಲಿ ‘ಕಚ್ಚಾ ರಸ್ತೆ ಬೇಡ’ ಎಂಬ ಆಯ್ಕೆ ಆನ್ ಇರಬಹುದು. ಮೊದಲು ಅದನ್ನು ನೋಡಿ, ಹೆಚ್ಚಿನ ಸಲ ಅಲ್ಲೇ ಇರುತ್ತದೆ.

ಯಾವ ಮ್ಯಾಪ್ ನಂಬಬೇಕು?

ಕಚ್ಚಾ ದಾರಿಗೆ ನಾನು ಮೊದಲು ನೋಡುವುದು 2004ರಲ್ಲಿ ಶುರುವಾದ ಓಪನ್‌ಸ್ಟ್ರೀಟ್‌ಮ್ಯಾಪ್. ಜನರೇ ಸೇರಿ ಬರೆದದ್ದು, ಒಸ್ಮ್ಯಾಂಡ್‌ನಂಥ ಆ್ಯಪ್‌ಗಳು ಅದರ ಮೇಲೆಯೇ ನಿಂತಿವೆ. ಅದರಲ್ಲಿ ಮಣ್ಣುದಾರಿಗಳಿಗೆ 1ರಿಂದ 5ರವರೆಗೆ ದರ್ಜೆ ಕೊಡುವ ಪದ್ಧತಿ ಇದೆ: 1 ಗಟ್ಟಿ ನೆಲ, 5 ಮೆತ್ತನೆ ಮಣ್ಣು. ಆದರೆ ಅದನ್ನು ಬರೆದವರು ಬೇಸಿಗೆಯಲ್ಲಿ ಹೋಗಿದ್ದರೋ ಮಳೆಗಾಲದಲ್ಲೋ ಎನ್ನುವುದು ಮ್ಯಾಪಿನಲ್ಲಿ ಕಾಣುವುದಿಲ್ಲ. ಅದಕ್ಕೇ ಹಿಂದಿನ ರಾತ್ರಿ ಉಪಗ್ರಹ ಚಿತ್ರದಲ್ಲಿ ಅದೇ ದಾರಿಯನ್ನು ಇನ್ನೊಮ್ಮೆ ನೋಡಿ, ಗೆರೆ ಹೊಳೆಯ ಎರಡೂ ದಡದಲ್ಲಿ ಮುಂದುವರಿದಿದೆಯೇ ಎಂದು ಗಮನಿಸಿ.

## ಕೊಳ್ಳುವ ಹೊತ್ತು

ಜುಮೋ, ಮೊಂಟಾನಾ, ಗಟ್ಟಿ ಆಂಡ್ರಾಯ್ಡ್ ಟ್ಯಾಬ್ಲೆಟ್. ಒಂದನ್ನ ಹೇಳಿಬಿಡಿ!

ದಾರಿ ಹೇಳಿ, ಡಿವೈಸ್ ಹೇಳುತ್ತೇನೆ.

ಹೆಚ್ಚು ಡಾಂಬರು, ನಡುನಡುವೆ ಮಣ್ಣುದಾರಿ, ಹೆಲ್ಮೆಟ್ಟಿನಲ್ಲಿ ತಿರುವಿನ ಸೂಚನೆ ಕೇಳಬೇಕು ಅಂದರೆ ಗಾರ್ಮಿನ್ ಕಂಪನಿಯ ಜುಮೋ ಸಾಲು. 2020ರಲ್ಲಿ ಬಂದ ಜುಮೋ ಎಕ್ಸ್‌ಟಿಯದು 5.5 ಇಂಚಿನ ಸ್ಕ್ರೀನ್, 2023ರ ಎಕ್ಸ್‌ಟಿ2ದು 6 ಇಂಚು. ಬಿಸಿಲಿಗೆ ಚೆನ್ನಾಗಿ ಕಾಣುತ್ತದೆ, ಮೌಂಟ್ ಗಟ್ಟಿ. ಆದರೆ ಬೈಕಿನಿಂದ ಬಿಚ್ಚಿದರೆ ಬ್ಯಾಟರಿ ಕೆಲವೇ ಗಂಟೆ ಬಾಳುತ್ತದೆ.

ಬೈಕ್ ನಿಲ್ಲಿಸಿ ಬೆಟ್ಟ ಹತ್ತುವ ಅಭ್ಯಾಸ ಇದ್ದರೆ, ದಿನವಿಡೀ ಟ್ರ್ಯಾಕ್ ಹಿಡಿದೇ ಹೋಗುವುದಾದರೆ ಗಾರ್ಮಿನ್‌ನದೇ, ಕೈಯಲ್ಲಿ ಹಿಡಿಯುವ 5 ಇಂಚಿನ ಮೊಂಟಾನಾ 700 ಸಾಲು ನೋಡಿ. ಮೆನು ಕಲಿಯಲು ಒಂದು ವಾರ ಬೇಕು, ಕಲಿತ ಮೇಲೆ ಕೈಬಿಡಲು ಮನಸ್ಸಾಗುವುದಿಲ್ಲ.

ಗಟ್ಟಿ ಆಂಡ್ರಾಯ್ಡ್ ಟ್ಯಾಬ್ಲೆಟ್ಟಿನ ಲಾಭ ಅಂದರೆ ಬೇಕಾದ ಆ್ಯಪ್, ಬೇಕಾದ ಮ್ಯಾಪ್. ಡಿಎಂಡಿ2ನಂಥ ಆ್ಯಪ್‌ಗಳು ಬೈಕಿಗೆಂದೇ ಬಂದಿವೆ. ನಷ್ಟ ಅಂದರೆ ಹೊಂದಿಸುವ ಕೆಲಸವೆಲ್ಲ ನಿಮ್ಮದೇ. ಅದರಲ್ಲಿ ಖುಷಿ ಪಡುವವರು ಮಾತ್ರ ಈ ದಾರಿ ಹಿಡಿಯಿರಿ.

ಗೆಲಿಲಿಯೊ, ಗ್ಲೊನಾಸ್, ಎಲ್5 ಅಂತ ಬರೆದಿರ್ತಾರೆ. ಇದೆಲ್ಲ ಬೇಕಾ?

ಜಿಪಿಎಸ್ ಅಮೆರಿಕದ್ದು, ಗ್ಲೊನಾಸ್ ರಷ್ಯಾದ್ದು, ಗೆಲಿಲಿಯೊ ಯುರೋಪಿನದ್ದು, ಬೈಡೂ ಚೀನಾದ್ದು. ಹೆಚ್ಚು ವ್ಯವಸ್ಥೆ ಸೇರಿದರೆ ಹೆಚ್ಚು ಉಪಗ್ರಹ ಕಾಣುತ್ತವೆ. ಕಿರಿದಾದ ಕಣಿವೆಯಲ್ಲಿ ತಲೆಯ ಮೇಲೆ ಒಂದು ಪಟ್ಟಿ ಆಕಾಶ ಮಾತ್ರ ಉಳಿದಾಗ ಇದು ನಿಜಕ್ಕೂ ಸಹಾಯಕ್ಕೆ ಬರುತ್ತದೆ. ಎಲ್1ರ ಜೊತೆ ಎಲ್5 ಎಂಬ ಎರಡನೇ ತರಂಗವನ್ನೂ ಹಿಡಿದರೆ ಬಂಡೆಗೆ ಬಡಿದು ಬರುವ ಸಿಗ್ನಲ್ಲಿನ ತಪ್ಪು ಕಡಿಮೆಯಾಗುತ್ತದೆ. ಬಯಲಿನಲ್ಲಿ ಸಾಮಾನ್ಯ ಫೋನೇ ಐದು ಮೀಟರ್ ಒಳಗೆ ಜಾಗ ತೋರಿಸುತ್ತದೆ, ಬೈಕಿಗೆ ಅಷ್ಟು ಸಾಕು. ಎಲ್5ಗಾಗಿ ಹೆಚ್ಚು ಹಣ ಕೊಡುವುದಕ್ಕಿಂತ ಒಳ್ಳೆಯ ಮೌಂಟ್ ಕೊಳ್ಳಿ.

ನಿಂತಾಗ ಬಾಣ ಗಿರಗಿರ ತಿರುಗುತ್ತೆ. ಕೆಟ್ಟಿದೆಯಾ?

ಇಲ್ಲ. ಚಲಿಸಿದಾಗ ಮಾತ್ರ ಜಿಪಿಎಸ್‌ಗೆ ದಿಕ್ಕು ತಿಳಿಯುತ್ತದೆ. ಕೂಡುದಾರಿಯಲ್ಲಿ ಅನುಮಾನ ಬಂದರೆ ಇಪ್ಪತ್ತು ಮೀಟರ್ ಮುಂದೆ ಹೋಗಿ ನೋಡಿ. ಡಿವೈಸ್ ಒಳಗೆ ಕಾಂತೀಯ ದಿಕ್ಸೂಚಿ ಇದ್ದರೂ ಮ್ಯಾಗ್ನೆಟ್ ಮೌಂಟ್ ಅದನ್ನು ದಾರಿ ತಪ್ಪಿಸುತ್ತದೆ.

ಸೆಕೆಂಡ್ ಹ್ಯಾಂಡ್ ತಗೋಬಹುದಾ?

ತಗೊಳ್ಳಿ, ಆದರೆ ತೀರ ಹಳೆಯದು ಬೇಡ. ಜಿಪಿಎಸ್ ವಾರಗಳನ್ನು ಎಣಿಸುವ ಪದ್ಧತಿ 1024 ವಾರಕ್ಕೊಮ್ಮೆ ಸೊನ್ನೆಗೆ ಮರಳುತ್ತದೆ. 2019ರ ಏಪ್ರಿಲ್ 6ರಂದು ಹಾಗಾದಾಗ, ಅಪ್‌ಡೇಟ್ ಸಿಗದ ಕೆಲವು ಹಳೆಯ ಡಿವೈಸ್‌ಗಳು ತಾರೀಖನ್ನೇ ತಪ್ಪಾಗಿ ತೋರಿಸತೊಡಗಿದವು. ಆನ್ ಮಾಡಿ, ಹೊರಗೆ ತಂದು, ತಾರೀಖು ಸರಿಯಿದೆಯೇ ನೋಡಿ. ಆಮೇಲೆ ಮೌಂಟಿನ ಪಿನ್ನುಗಳನ್ನು ನೋಡಿ, ಸ್ಕ್ರೀನಿನ ನಾಲ್ಕೂ ಮೂಲೆ ಒತ್ತಿ ನೋಡಿ. ಆ ಮಾಡೆಲ್ಲಿಗೆ ಮ್ಯಾಪ್ ಅಪ್‌ಡೇಟ್ ಇನ್ನೂ ಬರುತ್ತಿದೆಯೇ ಎಂದು ಕೇಳದೆ ಹಣ ಕೊಡಬೇಡಿ.

## ದೂರದ ದಾರಿಗೆ

ಜಿಪಿಎಸ್ ಇದ್ರೆ ನಾನು ಬಿದ್ದಿದ್ದು ಯಾರಿಗಾದ್ರೂ ಗೊತ್ತಾಗುತ್ತಾ?

ಗೊತ್ತಾಗುವುದಿಲ್ಲ. ಇದನ್ನು ಮನೆಯವರಿಗೂ ತಿಳಿಸಿ ಹೇಳಿ. ಜಿಪಿಎಸ್ ರಿಸೀವರ್ ಕೇಳಿಸಿಕೊಳ್ಳುತ್ತದೆ ಅಷ್ಟೇ, ಮಾತಾಡುವುದಿಲ್ಲ. ನೆಟ್‌ವರ್ಕ್ ಇಲ್ಲದ ಕಡೆಯಿಂದ ಸಂದೇಶ ಹೋಗಬೇಕಾದರೆ ಗಾರ್ಮಿನ್ ಇನ್‌ರೀಚ್‌ನಂಥ ಸ್ಯಾಟಲೈಟ್ ಮೆಸೆಂಜರ್ ಬೇಕು. ಅದು ಇರಿಡಿಯಂ ಉಪಗ್ರಹಗಳ ಮೂಲಕ ಕಳಿಸುತ್ತದೆ, ಚಂದಾ ಕಟ್ಟಬೇಕು. ಕೆಲವು ದೇಶಗಳಲ್ಲಿ ಅನುಮತಿ ಇಲ್ಲದೆ ಇಂಥದ್ದನ್ನು ಜೊತೆಗಿಟ್ಟುಕೊಳ್ಳುವುದೇ ಅಪರಾಧ. ಗಡಿ ದಾಟುವ ಮುನ್ನ ವಿಚಾರಿಸಿ. ಮೊಂಟಾನಾ 700ಐನಲ್ಲಿ ಇದು ಒಳಗೇ ಇರುವುದರಿಂದ ಈ ಮಾತು ಅದಕ್ಕೂ ಅನ್ವಯಿಸುತ್ತದೆ.

ಯಾರೋ ಕೊಟ್ಟ ಅಕ್ಷಾಂಶ ರೇಖಾಂಶ ಹಾಕಿದ್ರೆ ಎಲ್ಲೋ ತೋರಿಸುತ್ತೆ, ಯಾಕೆ?

ಬರೆಯುವ ರೀತಿ ಬೇರೆ. 34.50 ಡಿಗ್ರಿ ಅಂದರೆ 34 ಡಿಗ್ರಿ 30 ಮಿನಿಟ್. ಅದನ್ನೇ 34 ಡಿಗ್ರಿ 50 ಮಿನಿಟ್ ಎಂದು ಒತ್ತಿದರೆ 20 ಮಿನಿಟ್ ವ್ಯತ್ಯಾಸ. ಅಕ್ಷಾಂಶದ ಒಂದು ಮಿನಿಟಿಗೆ 1.85 ಕಿ.ಮೀ., ಅಂದರೆ ನೀವು 37 ಕಿ.ಮೀ. ದೂರದಲ್ಲಿರುತ್ತೀರಿ. ಗುಂಪಿನಲ್ಲಿ ಹೊರಡುವಾಗ ಎಲ್ಲರ ಡಿವೈಸನ್ನೂ ದಶಮಾಂಶ ಡಿಗ್ರಿಗೆ ಹೊಂದಿಸಿಬಿಡಿ. ದಶಮಾಂಶದ ನಂತರ ಐದು ಅಂಕಿ ಇದ್ದರೆ ಹೆಚ್ಚುಕಡಿಮೆ ಒಂದು ಮೀಟರಿನಷ್ಟು ನಿಖರ.

ಎಲ್ಲಾ ಸತ್ತೋದ್ರೆ?

ಹಿಂದಿನ ರಾತ್ರಿ ಒಂದು ಚೀಟಿಯಲ್ಲಿ ಐದಾರು ಸಾಲು ಬರೆಯಿರಿ: ಕೂಡುದಾರಿಗಳ ಹೆಸರು, ಒಂದರಿಂದ ಇನ್ನೊಂದಕ್ಕೆ ಕಿ.ಮೀ., ಕೊನೆಯ ಪೆಟ್ರೋಲ್ ಎಲ್ಲಿ, ಹೊಳೆ ಯಾವ ಕೈಗೆ ಬರಬೇಕು. ಅದನ್ನು ಪಾರದರ್ಶಕ ಟೇಪಿನಿಂದ ಟ್ಯಾಂಕ್ ಮೇಲೆ ಅಂಟಿಸಿ. ಬೆಳಿಗ್ಗೆ ಹೊರಡುವಾಗ ಟ್ರಿಪ್ ಮೀಟರನ್ನು ಸೊನ್ನೆಗೆ ತಿರುಗಿಸಿ.